ನಡುವೆ ಇದ್ದವಳು

ಆ ಮನೆಯಲ್ಲಿ ಮಾವ ಅಳಿಯ ನೇರವಾಗಿ ಮಾತಾಡಿಕೊಂಡದ್ದು ಕಡಿಮೆ. ಮನಸ್ತಾಪವೇನೂ ಇರಲಿಲ್ಲ. ಇಬ್ಬರ ಮಾತನ್ನೂ ಆಡಲು ನಡುವೆ ಒಬ್ಬಳಿದ್ದಳು, ಹಾಗಾಗಿ ಅವರಿಗೆ ಅಗತ್ಯ ಬಿದ್ದಿರಲಿಲ್ಲ. ಮಾವನಿಗೆ ಪೇಪರು ಬೇಕಾದರೆ, ಅಳಿಯ ಪಕ್ಕದ ಕುರ್ಚಿಯಲ್ಲೇ ಕೂತು ಓದುತ್ತಿದ್ದರೂ, ಅಡುಗೆಮನೆಯ ಕಡೆ ತಿರುಗಿ, ಅವರದು ಓದಿ ಆಯಿತೇನೋ ಕೇಳಮ್ಮ ಎನ್ನುತ್ತಿದ್ದರು. ಅಳಿಯನೂ ಕಡಿಮೆಯವನಲ್ಲ. ಮಾವನಿಗೆ ಫ್ಯಾನಿನ ಗಾಳಿ ಜೋರಾಯಿತೇನೋ ಎಂದು ಹೆಂಡತಿಯನ್ನೇ ವಿಚಾರಿಸುತ್ತಿದ್ದ. ಅವಳು ಆ ಮಾತನ್ನು ಈಚೆಗೆ, ಈ ಮಾತನ್ನು ಆಚೆಗೆ ಸಾಗಿಸುತ್ತ, ಸಾಗಿಸುವಾಗ ತನ್ನದೂ ಒಂದಿಷ್ಟು ಉಪ್ಪುಖಾರ ಸೇರಿಸುತ್ತ ಮನೆ ನಡೆಸಿಕೊಂಡು ಹೋಗುತ್ತಿದ್ದಳು.

ಅವಳು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಡಿಪೋದಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎಂದು ಕರೆಯುತ್ತಿದ್ದರು. ದಿನವಿಡೀ ಬಸ್ಸಿನಲ್ಲಿ ಕೂಗಿ ಮನೆಗೆ ಬಂದರೂ ಗಂಟಲು ಆರುತ್ತಿರಲಿಲ್ಲ. ಊಟದ ಹೊತ್ತಿಗೆ ಗಂಡನನ್ನೂ ಅಪ್ಪನನ್ನೂ ಬೆನ್ನ ಮೇಲೆ ಕೈಯಿಟ್ಟು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು ಮೇಜಿನ ಕಡೆ ತಳ್ಳುತ್ತಿದ್ದಳು. ಅವಳಪ್ಪ ಅದೇ ಡಿಪೋದಲ್ಲಿ ಡ್ರೈವರ್ ಆಗಿದ್ದವರು. ಚಾಲಕರೊಡನೆ ಮಾತನಾಡಬೇಡಿ ಎಂಬ ಫಲಕದ ಕೆಳಗೆ ಅರ್ಧ ಆಯಸ್ಸು ಕಳೆದವರು. ನಿವೃತ್ತರಾಗಿ ಮನೆಗೆ ಬರುವಾಗ ಆ ಫಲಕವನ್ನೂ ಕಿತ್ತುಕೊಂಡು ಬಂದಿದ್ದಾರೆ ಎಂದು ಮಗಳು ಛೇಡಿಸುತ್ತಿದ್ದಳು. ಅಳಿಯ ಲಿಫ್ಟ್ ರಿಪೇರಿಯವನು. ಅತ್ತೆ ಎಂದೋ ತೀರಿಕೊಂಡಿದ್ದರಿಂದ, ಮಾವನೊಬ್ಬರನ್ನೇ ಬಿಡಬಾರದೆಂದು ಮದುವೆಯಾದ ಮೇಲೆ ಅವನೇ ಈ ಮನೆಗೆ ಬಂದಿದ್ದ. ಮನೆ ಅಳಿಯ ಎಂದು ಕೆಲಸದ ಜೊತೆಗಾರರು ಕಾಲೆಳೆದರೆ ನಕ್ಕು ಸುಮ್ಮನಾಗುತ್ತಿದ್ದ.

ಜ್ವರವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ರಕ್ತಕ್ಕೆ ನಂಜೇರಿದೆ ಎಂದರು ಡಾಕ್ಟರು. ವಾರ್ಡಿನ ಬಾಗಿಲಲ್ಲಿ ನಿಂತು ಅವರು ವಿವರಿಸುತ್ತಿದ್ದಾಗ ಮಾವ ಅಳಿಯ ಇಬ್ಬರೂ ಮಧ್ಯೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟುಕೊಂಡು ನಿಂತಿದ್ದರು. ಡಾಕ್ಟರು ಯಾರ ಮುಖ ನೋಡಿ ಹೇಳಬೇಕೆಂದು ತಿಳಿಯದೆ ಒಮ್ಮೆ ಇವರನ್ನು, ಒಮ್ಮೆ ಅವನನ್ನು ನೋಡುತ್ತಿದ್ದರು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ, ಮನೆ ಪ್ಲಗ್ ಕಿತ್ತ ಹಾಗಾಯಿತು. ಅಳಿಯ ಅಳಲಿಲ್ಲ. ಅಳು ಬರಬಹುದೆಂದು ಕಾದ, ಬರಲಿಲ್ಲ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದರೆ ಕೈ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕೈ ಮುಟ್ಟಿದಂತಿರುತ್ತದಲ್ಲ, ಹಾಗೆ ಮೈಯೆಲ್ಲ ಯಾರದೋ ಆಗಿತ್ತು. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ಅದೇ ಅವನಿಗೆ ನಾಚಿಕೆ. ಕೆಲಸಕ್ಕೆ ಹೋದ. ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ಉಕ್ಕಿನ ಹಗ್ಗಗಳಿಗೆ ಎಣ್ಣೆ ಹಚ್ಚಿದ, ಸವೆದ ಬಾಗಿಲ ರೋಲರುಗಳನ್ನು ಬದಲಿಸಿದ. ಜೊತೆಗಾರ ಏನಾದರೂ ಹೇಳಿದರೆ ಹೂಂ ಎಂದ.

ಮನೆಯಲ್ಲಿ, ಮಾತಿಲ್ಲದೆಯೇ ಒಂದು ಒಪ್ಪಂದವಾಯಿತು. ಬೆಳಿಗ್ಗೆಯ ಅಡುಗೆ ಅಳಿಯನ ಪಾಲು, ಸಂಜೆಯದು ಮಾವನ ಪಾಲು. ಇಬ್ಬರೂ ಮೂವರಿಗಾಗುವಷ್ಟು ಮಾಡುತ್ತಿದ್ದರು, ಉಳಿದದ್ದನ್ನು ಯಾರು ಚೆಲ್ಲಿದರೆಂದು ಇನ್ನೊಬ್ಬರು ಕೇಳುತ್ತಿರಲಿಲ್ಲ. ಹಿತ್ತಲ ತಂತಿಯ ಮೇಲೆ ಅವಳ ಯೂನಿಫಾರ್ಮಿನ ಅಂಗಿ ಹಾಗೆಯೇ ಇತ್ತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳೇ ಒಗೆದು ಹಾಕಿದ್ದು. ಅದನ್ನು ತೆಗೆಯುವುದು ಮಾವನ ಹಕ್ಕೆಂದು ಅಳಿಯ ಬಿಟ್ಟ, ಅಳಿಯನ ಹಕ್ಕೆಂದು ಮಾವ ಬಿಟ್ಟರು. ಬಿಸಿಲಿಗೆ ಅದರ ಭುಜ ಬಣ್ಣಗೆಟ್ಟಿತು. ಒಂದು ದಿನ ಮಳೆ ಹನಿದಾಗ ಮಾವ ಎದ್ದು ಹೋಗಿ ತಂದರು, ಮಡಿಸಿ ಕುರ್ಚಿಯ ಮೇಲಿಟ್ಟರು. ಮರುದಿನ ಅಳಿಯ ಅದನ್ನು ಬೀರುವಿನೊಳಗೆ ಇಟ್ಟ.

ಮಾವ ಬೆಳಿಗ್ಗೆ ತಿಂಡಿಯಾದ ಕೂಡಲೇ ಹೊರಡುತ್ತಿದ್ದರು, ಅಳಿಯ ಕೆಲಸ ಮುಗಿಸಿ ಬರುವ ಹೊತ್ತಿಗೆ ವಾಪಸಾಗಿರುತ್ತಿದ್ದರು. ಎಲ್ಲಿಗೆಂದು ಅವನು ಕೇಳಲಿಲ್ಲ. ಪಾರ್ಕಿಗೆ ಇರಬಹುದು ಅಂದುಕೊಂಡ.

ಹೀಗಿರುವಾಗ ಮಾವನ ತಂಗಿ ಬಂದರು. ಮನಸ್ಸಿನಲ್ಲಿದ್ದದ್ದನ್ನು ನಾಲಗೆಯ ಮೇಲೆ ತಂದುಬಿಡುವ ಜೀವ, ಆದರೆ ಕೆಟ್ಟವರಲ್ಲ. ಬಂದವರೇ ಅಡುಗೆಮನೆ ತೊಳೆದು, ಡಬ್ಬಿಗಳನ್ನೆಲ್ಲ ಒರೆಸಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಅಣ್ಣನಿಗೆ ವಯಸ್ಸಾಯಿತು, ನಮ್ಮ ಮನೆಗೆ ಬಂದಿರಲಿ ಎಂದರು. ಅಳಿಯನದು ಇನ್ನೂ ವಯಸ್ಸಿದೆ, ಇವತ್ತಲ್ಲ ನಾಳೆ ಇನ್ನೊಂದು ಸಂಸಾರ ಆಗಬೇಕಾದ್ದೇ, ಹೆಣ್ಣು ಕೊಟ್ಟ ಮಾವನ ಮನೆಯಲ್ಲಿ ಕೂತರೆ ಯಾರು ಮುಂದೆ ಬರುತ್ತಾರೆ ಎಂದೂ ಕೇಳಿದರು. ಆಮೇಲೆ ದನಿ ತಗ್ಗಿಸಿ ಅಂದರು:

"ತಪ್ಪು ತಿಳೀಬೇಡಿ. ಗಂಟು ಹಾಕಿದ್ದೇ ಅವಳು. ಅವಳೇ ಇಲ್ಲ ಅಂದ್ಮೇಲೆ ನೀವಿಬ್ರೂ ಒಬ್ರಿಗೊಬ್ರು ಏನಾಗ್ಬೇಕು ಹೇಳಿ?"

ಅಳಿಯ ಮಾವನ ಕಡೆ ನೋಡಿದ. ಮಾವ ಗೋಡೆಯ ಕಡೆ ನೋಡುತ್ತಿದ್ದರು. ಇಬ್ಬರಿಗೂ ಅದು ಸರಿ ಎನಿಸಿತೋ, ತಪ್ಪೆನಿಸಿತೋ, ಏನೂ ಅನಿಸಲಿಲ್ಲವೋ, ಅಂತೂ ಇಬ್ಬರೂ ತಲೆಯಾಡಿಸಿದರು. ಆ ದಿನಗಳಲ್ಲಿ ಯಾರು ಏನು ಹೇಳಿದ್ದರೂ ಅವರು ತಲೆಯಾಡಿಸುತ್ತಿದ್ದರೇನೋ.

ಅಳಿಯ ಕೆಲಸದ ಕಡೆಯವರಿಗೆ ಹೇಳಿ ಒಂದು ಕೋಣೆ ಹುಡುಕಿಸಿದ. ಮೂರನೇ ಮಹಡಿ, ಒಂದು ಕಿಟಕಿ, ಗೋಡೆಗೆ ಅಂಟಿದ ಸಣ್ಣ ಅಡುಗೆ ಕಟ್ಟೆ. ಮುಂದಿನ ತಿಂಗಳಿಂದ ಬರುತ್ತೇನೆಂದು ಮಾಲೀಕನಿಗೆ ಮಾತು ಕೊಟ್ಟ.

ಅದಾದ ಕೆಲವು ದಿನಗಳಿಗೆ ಆಫೀಸುಗಳೇ ತುಂಬಿದ್ದ ಕಟ್ಟಡವೊಂದರಲ್ಲಿ ಲಿಫ್ಟ್ ನಿಂತಿದೆಯೆಂದು ಕರೆ ಬಂತು. ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು, ಒಳಗೆ ಒಬ್ಬ ಹೆಂಗಸಿದ್ದಳು. ದೀಪವೂ ಆರಿತ್ತು. ಜೊತೆಗಾರ ಬ್ರೇಕು ಸಡಿಲಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸಲು ಮೇಲಿನ ಯಂತ್ರದ ಕೋಣೆಗೆ ಓಡಿದ. ಅಲ್ಲಿಯ ಬೀಗದ ಕೈ ವಾಚ್‌ಮನ್ನನ ಹತ್ತಿರ, ವಾಚ್‌ಮನ್ ಊಟಕ್ಕೆ. ಅವನು ಬರುವವರೆಗೆ ಒಳಗಿನವರನ್ನು ಮಾತಾಡಿಸುತ್ತ ಇರುವುದು ಅಳಿಯನ ಕೆಲಸ. ಮೊದಲಾದರೆ ಅದರಲ್ಲಿ ಅವನನ್ನು ಬಿಟ್ಟರಿಲ್ಲ. ಹೆಂಡತಿ ಬಸ್ಸಿನಿಂದ ತಂದ ಕತೆಗಳೇ ಅವನ ಬಂಡವಾಳ. ಈಗ ಬಾಗಿಲ ಬಳಿ ಮಂಡಿಯೂರಿ ಕೂತರೆ ಒಂದು ಕತೆಯೂ ನೆನಪಾಗಲಿಲ್ಲ.

ಕೂತ್ಕೊಳ್ಳಿ, ಬಾಗಿಲಿಗೆ ಒರಗಬೇಡಿ, ಗಾಳಿಗೇನೂ ಕೊರತೆಯಿಲ್ಲ ಎಂದಷ್ಟು ಹೇಳಿ ಸುಮ್ಮನಾದ.

"ಅಲ್ಲೇ ಇದೀರಾ?" ಒಳಗಿನಿಂದ ದನಿ ನಡುಗಿತು.

"ಇದೀನಿ."

"ಏನಾದ್ರೂ ಮಾತಾಡ್ತಾ ಇರಿ. ಸುಮ್ನಾದ್ರೆ ಹೆದರಿಕೆ ಆಗತ್ತೆ. ಮನೇಲಿ ಯಾರ್ಯಾರಿದಾರೆ ನಿಮಗೆ?"

"ನಮ್ಮ ಮಾವ ಇದಾರೆ," ಎಂದ.

ಮುಂದೇನು ಹೇಳಬೇಕೋ ತಿಳಿಯದೆ ಮಾವನ ಬಗ್ಗೆಯೇ ಹೇಳತೊಡಗಿದ. ಮಾವ ಬಸ್ ಡ್ರೈವರ್ ಆಗಿದ್ದರು. ಊಟದ ಮೇಜಿಗೆ ಕೂರುವಾಗಲೂ ಸೀಟು ಸರಿಪಡಿಸುವ ಹಾಗೆ ಕುರ್ಚಿಯನ್ನು ಹಿಂದೆ ಮುಂದೆ ಮಾಡಿಕೊಳ್ಳುತ್ತಾರೆ. ಬಾಗಿಲಿನಿಂದ ಹೊರಡುವ ಮುಂಚೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡುತ್ತಾರೆ, ಬಚ್ಚಲಿನಿಂದ ಹೊರಬರುವಾಗಲೂ. ಟೀಗೆ ಸಕ್ಕರೆ ಬೇಡವೆನ್ನುತ್ತಾರೆ, ಯಾರೂ ಇಲ್ಲದಾಗ ಡಬ್ಬಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಳಗಿನ ಹೆಂಗಸು ಆ ಕತ್ತಲಲ್ಲಿ ನಕ್ಕಳು. ಅಳಿಯನಿಗೇ ಆಶ್ಚರ್ಯವಾಗುತ್ತಿತ್ತು. ಇಷ್ಟೆಲ್ಲ ತಾನು ಯಾವಾಗ ನೋಡಿದ್ದೆ?

"ನಿಮ್ಮನೆಯವ್ರು ಏನ್ಮಾಡ್ತಾರೆ?"

"ತೀರ್ಕೊಂಡ್ಲು," ಎಂದ. ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇಲ್ಲಿಯವರೆಗೆ ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು, ಹೇಳುವ ಪ್ರಮೇಯ ಬಂದಿರಲಿಲ್ಲ. ಸ್ಟೀಲಿನ ಬಾಗಿಲಿಗೆ ಹೇಳಿದ ಹಾಗಿತ್ತು. ಬಾಗಿಲು ತಣ್ಣಗಿತ್ತು.

ಒಳಗೆ ಏನೋ ಡಬ್ಬಿ ನೆಲಕ್ಕಿಟ್ಟ ಸದ್ದಾಯಿತು.

"ಅಯ್ಯೋ," ಎಂದಳು ಆಮೇಲೆ. "ಮತ್ತೆ ಮಾವನ್ನ ನೀವೇ ನೋಡ್ಕೋತಿದೀರಾ?"

ಇಲ್ಲ, ಮುಂದಿನ ತಿಂಗಳು ಬಿಟ್ಟು ಹೋಗುತ್ತಿದ್ದೇನೆ ಎನ್ನಬೇಕಾಗಿತ್ತು. ಅಷ್ಟರಲ್ಲಿ ಮೇಲಿನಿಂದ ಜೊತೆಗಾರ ಕೂಗಿದ, ಲಿಫ್ಟು ಸಣ್ಣಗೆ ಅಲುಗಿ ಮೇಲೇರತೊಡಗಿತು. ಬಾಗಿಲು ತೆರೆದಾಗ ಆಕೆ ಅವನಿಗಿಂತ ವಯಸ್ಸಿನಲ್ಲಿ ಸಣ್ಣವಳೆಂದು ತಿಳಿಯಿತು, ಕೈಯಲ್ಲಿ ಊಟದ ಡಬ್ಬಿ ಇತ್ತು. ಮುಖಕ್ಕೆ ಮುಖ ಸಿಕ್ಕಿದ ಮೇಲೆ ಇಬ್ಬರಿಗೂ ಸಂಕೋಚವಾಗಿ, ಥ್ಯಾಂಕ್ಸ್ ಎಂದಷ್ಟೇ ಹೇಳಿ ಮೆಟ್ಟಿಲು ಹಿಡಿದು ಇಳಿದು ಹೋದಳು.

ಆ ಸಂಜೆ ಅಳಿಯ ಮನೆಗೆ ಬಂದು, ಕೈಕಾಲು ತೊಳೆದು, ಮಾವನ ಎದುರು ಕೂತ. ಹೇಳಬೇಕಾದ್ದು ಏನೋ ಇತ್ತು. ಕೊನೆಗೆ, "ಇವತ್ತೊಂದು ಲಿಫ್ಟ್ ಮಧ್ಯದಲ್ಲಿ ನಿಂತೋಗಿತ್ತು," ಎಂದ.

ಮಾವ ರೂಢಿಯಂತೆ ಅಡುಗೆಮನೆಯ ಕಡೆ ಮುಖ ತಿರುಗಿಸಿ ಬಾಯಿ ತೆರೆದರು. ಅಲ್ಲಿ ಯಾರೂ ಇರಲಿಲ್ಲ. ಬಾಯಿ ಹಾಗೇ ತೆರೆದಿತ್ತು. ಆಮೇಲೆ ನಿಧಾನವಾಗಿ, ಕತ್ತು ಹಿಡಿದುಕೊಂಡವರ ಹಾಗೆ, ಅಳಿಯನ ಕಡೆ ತಿರುಗಿದರು.

"ಒಳಗಡೆ ಜನ ಇದ್ರಾ?"

"ಒಬ್ರಿದ್ರು. ಏನಾಗ್ಲಿಲ್ಲ."

"ಒಳ್ಳೇದಾಯ್ತು," ಎಂದರು ಮಾವ.

ಅಷ್ಟೇ ಮಾತು. ಆದರೆ ಊಟ ಮುಗಿಸಿ ಏಳುವಾಗ ಮಾವ, ಅವನು ಗೊತ್ತುಮಾಡಿದ್ದ ಕೋಣೆಯನ್ನು ತಾವೂ ಒಮ್ಮೆ ನೋಡಬಹುದೇ ಎಂದು ಕೇಳಿದರು.

ಭಾನುವಾರ ಇಬ್ಬರೂ ಹೋದರು. ಮಾವ ಕೋಣೆಯ ಮಧ್ಯೆ ನಿಂತು ಸುತ್ತ ನೋಡಿದರು. ನಲ್ಲಿ ತಿರುಗಿಸಿದರು, ದಾರದಷ್ಟು ನೀರು ಬಂತು. ಕಿಟಕಿ ತೆಗೆದರು, ಎದುರಿನ ಗೋಡೆ ಕೈಗೆಟಕುವಷ್ಟು ಹತ್ತಿರವಿತ್ತು. ಮಾಲೀಕ, ಬೇಸಿಗೆಯಲ್ಲಿ ತಂಪಾಗಿರುತ್ತದೆ ಎಂದ. ಮಾವ ಅದಕ್ಕೂ ತಲೆಯಾಡಿಸಿದರು. ಕೆಳಗಿಳಿಯುವಾಗ ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡರು. ಬೀದಿಗೆ ಬಂದ ಮೇಲೆ ಮಾತ್ರ, "ನಲ್ಲಿ ಸರಿಯಿಲ್ಲ," ಎಂದರು. ಸ್ವಲ್ಪ ದೂರ ನಡೆದು, "ಬೆಳಕೂ ಇಲ್ಲ," ಎಂದರು.

ವಾಪಸು ಬರಲು ಹತ್ತಿದ್ದು ಅವಳು ಕೆಲಸ ಮಾಡುತ್ತಿದ್ದ ಮಾರ್ಗದ ಬಸ್ಸು. ಬೇಕೆಂದು ಹತ್ತಿದ್ದಲ್ಲ, ಆ ರಸ್ತೆಗೆ ಅದೊಂದೇ ಬರುವುದು. ಕಂಡಕ್ಟರ್ ಹೊಸಬ, ಮೀಸೆ ಇನ್ನೂ ಸರಿಯಾಗಿ ಮೂಡದವನು. ಅಳಿಯ ಇಬ್ಬರಿಗೂ ಟಿಕೆಟ್ ಕೇಳಿದಾಗ ಅವನು ಮಾವನ ಕಡೆ ಕೈ ತೋರಿಸಿ ನಕ್ಕ.

"ಇವರಿಗೆ ಪಾಸಿದೆ ಸಾರ್. ದಿನಾ ಬರ್ತಾರಲ್ಲ. ಬೆಳಿಗ್ಗೆ ಹತ್ತಿ ಕೂತ್ರೆ ಸಂಜೆವರೆಗೂ ನಮ್ಮ ಜೊತೇನೇ. ಕೊನೇ ಸ್ಟಾಪಲ್ಲೂ ಇಳಿಯಲ್ಲ."

ಕಂಡಕ್ಟರ್ ಮುಂದೆ ಹೋದ. ಮಾವ ಕಿಟಕಿಯಾಚೆ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು, ಕದ್ದು ಸಿಕ್ಕಿಬಿದ್ದವರ ಹಾಗೆ. ಅವರಿಬ್ಬರೂ ಇಳಿಯಬೇಕಾದ ಸ್ಟಾಪ್ ಬಂತು, ಹೋಯಿತು. ಇಬ್ಬರೂ ಏಳಲಿಲ್ಲ. ಅಳಿಯ ಮಾವನ ಬಲಗಾಲನ್ನು ನೋಡುತ್ತಿದ್ದ. ಪ್ರತಿ ನಿಲ್ದಾಣಕ್ಕೆ ಮುಂಚೆ ಆ ಪಾದ ನೆಲವನ್ನು ಒತ್ತುತ್ತಿತ್ತು, ಬಸ್ಸಿಗಿಂತ ಒಂದು ಕ್ಷಣ ಮೊದಲು.

"ನೀವೇ ಓಡಿಸ್ತಾ ಇದೀರಲ್ಲ," ಎಂದ.

ಮಾವ ಪಾದ ಹಿಂದಕ್ಕೆಳೆದುಕೊಂಡರು. "ಇವನು ಗೇರ್ ಬದಲಿಸೋದು ತಡ ಮಾಡ್ತಾನೆ," ಎಂದು ಡ್ರೈವರನ ಕಡೆ ಗದ್ದ ಎತ್ತಿದರು.

"ನಂಗೆ ಕಲಿಸ್ತೀರಾ?"

ಅಳಿಯನಿಗೆ ಡ್ರೈವಿಂಗ್ ಕಲಿಯುವ ಆಸೆ ಎಂದೂ ಇರಲಿಲ್ಲ. ಹೆಂಡತಿ ಎಷ್ಟು ಸಲ ಒತ್ತಾಯಿಸಿದರೂ ರಸ್ತೆಯೆಂದರೆ ತನಗೆ ಭಯವೆಂದು ಜಾರಿಕೊಂಡಿದ್ದ. ಮಾತು ಬಾಯಿಗೆ ಬಂತು, ಆಡಿದ. ಮಾವ, ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಗಿ ಎಂಜಿನ್ ಆರಿದ ಮೇಲೆ, ತಮ್ಮ ಜೊತೆ ಕೆಲಸ ಮಾಡಿದವನೊಬ್ಬ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದಾನೆ, ಕೇಳಿದರೆ ಕಾರು ಕೊಟ್ಟಾನು ಎಂದರು.

ಸಂತೆ ಇಲ್ಲದ ದಿನ ಬರಿದಾಗಿರುತ್ತಿದ್ದ ಮೈದಾನದಲ್ಲಿ ಪಾಠ ಶುರುವಾಯಿತು. ಮಾವ ಮೊದಲು ಬಹಳ ಮರ್ಯಾದೆಯಿಂದಲೇ ಕಲಿಸಿದರು. ಅಳಿಯಂದ್ರೇ, ಕ್ಲಚ್ ನಿಧಾನ ಬಿಡಿ. ಅಳಿಯಂದ್ರೇ, ಕನ್ನಡಿ ನೋಡಿ. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಾಗಲೂ, ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ ಎಂದರು. ಮೂರನೆಯ ಭಾನುವಾರ, ಸಾಕಷ್ಟು ಬಂದಿದೆಯೆಂದು ಮೈದಾನದಿಂದಾಚೆ ರಸ್ತೆಗಿಳಿಸಿದರು. ತಿರುವಿನಲ್ಲಿ ಹಾಲಿನ ವ್ಯಾನೊಂದು ಎದುರು ನುಗ್ಗಿತು. ಅಳಿಯನ ಕೈಕಾಲು ಮರಗಟ್ಟಿತು. ವ್ಯಾನು ದೊಡ್ಡದಾಗುತ್ತಿರುವುದನ್ನು ಸುಮ್ಮನೆ ನೋಡುತ್ತ ಕೂತ. ಹೆದರಿಕೆ ಕೂಡ ಆಗಲಿಲ್ಲ. ಆದರೆ ಆಗಲಿ ಎಂಬಂತಿತ್ತು.

"ಬ್ರೇಕ್ ಒತ್ತೋ!"

ಕಾರಿನ ಗಾಜು ಅದುರುವಷ್ಟು ಜೋರಾಗಿತ್ತು ಆ ದನಿ. ಅಳಿಯನ ಕಾಲು ತಾನೇ ಒತ್ತಿತು. ಮಾವ ಸ್ಟೇರಿಂಗಿಗೆ ಕೈ ಹಾಕಿ ಎಡಕ್ಕೆ ಎಳೆದಿದ್ದರು. ವ್ಯಾನಿನವನು ಬೈಯುತ್ತ ಉಜ್ಜಿಕೊಂಡೇ ಹೋದ. ಕಾರು ರಸ್ತೆಯ ಅಂಚಿನಲ್ಲಿ ವಾರೆಯಾಗಿ ನಿಂತಿತ್ತು.

"ಎಲ್ಲಿಟ್ಟಿದ್ಯೋ ಜ್ಞಾನಾನ? ಹೋಗ್ಬಿಡೋಣ ಅಂತ ಇದ್ಯಾ? ಒಬ್ಬಳು ಹೋಗಿದ್ದು ಸಾಲ್ದಾ? ನೀನೂ ಹೋದ್ರೆ ನಾನು ಯಾರ ಮುಖ ನೋಡ್ಲೋ?"

ಮಾವನ ಕೈ ಇನ್ನೂ ಸ್ಟೇರಿಂಗಿನ ಮೇಲಿತ್ತು. ಇಷ್ಟು ವರ್ಷ ನೀವು ಎಂದವರು, ಮಗಳ ಎದುರೂ ಅವರು ಎಂದವರು. ಅಳಿಯ ಆ ಕೈಯನ್ನು ನೋಡಿದ. ಉಗುರುಗಳ ಆಕಾರ ಅವಳದೇ. ಎದೆಯೊಳಗೆ, ಜೋಮು ಬಿಡುವಾಗ ಚುಚ್ಚುತ್ತದಲ್ಲ, ಹಾಗೆ ಏನೋ ಚುಚ್ಚತೊಡಗಿತು. ಸ್ಟೇರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟ. ಚೆನ್ನಾಗಿರಲಿಲ್ಲ ಆ ಅಳು. ಮೂಗು ಸೋರಿತು, ಬಿಕ್ಕಳಿಕೆ ಬಂತು, ಹಣೆ ತಾಗಿ ಹಾರ್ನ್ ಒಂದೆರಡು ಸಲ ಕೂಗಿತು. ಮಾವ ಅವನನ್ನು ಮುಟ್ಟಲಿಲ್ಲ. ತಮ್ಮ ಕಡೆಯ ಕಿಟಕಿಗೆ ಮುಖ ಮಾಡಿ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು.

ಬಹಳ ಹೊತ್ತಿನ ಮೇಲೆ, "ಎಂಜಿನ್ ಆರಿಸು. ಪೆಟ್ರೋಲ್ ದಂಡ," ಎಂದರು.

ಅಂದಿನಿಂದ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಮರುದಿನ ಬೆಳಿಗ್ಗೆ ಎದ್ದಾಗ ಅಳಿಯನಿಗೆ ಮೊದಲಿಗಿಂತ ಕಷ್ಟವಾಯಿತು. ನೋವಿಲ್ಲದೆ ಇದ್ದ ದಿನಗಳೇ ಹಗುರವಾಗಿದ್ದವು ಎನಿಸಿತು. ಈಗ ಅವಳ ಬಾಚಣಿಗೆ ಕಂಡರೂ ಅಳು ಬರುತ್ತಿತ್ತು. ರಾತ್ರಿ ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ಆದರೆ ಹಸಿವಾಗುತ್ತಿತ್ತು. ಟೀ ಬಿಸಿಯಿದ್ದರೆ ನಾಲಗೆ ಸುಡುತ್ತಿತ್ತು. ಕೋಣೆಯ ಮಾಲೀಕನಿಗೆ ಫೋನು ಮಾಡಿ, ಬರುವುದಿಲ್ಲ, ಬೇರೆಯವರಿಗೆ ಕೊಡಿ ಎಂದ. ಕಾರಣ ಕೇಳಿದಾಗ, ನಲ್ಲಿ ಸರಿಯಿಲ್ಲ ಎಂದುಬಿಟ್ಟ.

ಮಾವನ ತಂಗಿಗೆ ಸಿಟ್ಟು ಬಂತು. ಇಬ್ಬರು ಗಂಡಸರು ಒಂದು ಮನೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನು ಸಾಧಿಸುತ್ತೀರಿ ಎಂದರು. ಮಾವ, ಅಳಿಯನಿಗೆ ರಿವರ್ಸ್ ಇನ್ನೂ ಬಂದಿಲ್ಲ, ಅದು ಬಂದ ಮೇಲೆ ನೋಡೋಣ ಎಂದರು. ತಂಗಿ ಮೂಗು ಮುರಿದರು. ಮುಂದಿನ ಸಲ ಬಂದಾಗ ಅಳಿಯನಿಗಾಗಿ ಯಾವ ಹೆಣ್ಣಿನ ಮಾತನ್ನೂ ಎತ್ತಲಿಲ್ಲ. ಮುಂದೆ ಎಂದಾದರೂ ಆಗುವುದಿದ್ದರೆ ಅವನೇ ಹೇಳುತ್ತಾನೆ ಎಂದು ಅಣ್ಣ ಗದರಿದ್ದರಂತೆ.

ಅಳಿಯನಿಗೆ ಲೈಸೆನ್ಸ್ ಸಿಕ್ಕಿತು, ಮೊದಲ ಸಲಕ್ಕಲ್ಲ. ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಆ ಗೆಳೆಯ ಮಾವನನ್ನೇ ಕಲಿಸಲು ಬರುವಂತೆ ಹಿಡಿದುಕೊಂಡಿದ್ದ. ಹೆಂಗಸರು ಕಲಿಯಲು ಬರುತ್ತಾರೆ, ಹುಡುಗರ ಹತ್ತಿರ ಕಲಿಯಲು ಮುಜುಗರಪಡುತ್ತಾರೆ, ನೀನು ಹಿರಿಯ ಎಂದ. ಮಾವ ಬೇಡವೆಂದರು, ಯೋಚಿಸುತ್ತೇನೆ ಎಂದರು, ಒಂದು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೊರಟುಬಿಟ್ಟರು.

ಮೊದಲ ವಾರ ಮುಗಿಸಿ ಬಂದ ಸಂಜೆ ಮಾವನಿಗೆ ಗಂಟಲು ಕಟ್ಟಿತ್ತು. ಆಯಸ್ಸಿನಲ್ಲಿ ಆಡದಷ್ಟು ಮಾತನ್ನು ಒಂದೇ ವಾರದಲ್ಲಿ ಆಡಿದ್ದರು. ಹೇಳಬೇಕಾದ್ದು ಮಾತ್ರ ಬಹಳವಿತ್ತು. ಒಬ್ಬ ಬ್ಯಾಂಕಿನ ಹೆಂಗಸು ಸ್ಟೇರಿಂಗ್ ಬಿಟ್ಟು ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡದ್ದು, ಇನ್ನೊಬ್ಬಳು ಹಂಪ್ ಬಂದಾಗಲೆಲ್ಲ ಅದಕ್ಕೆ ಸಾರಿ ಕೇಳುವುದು. ಅಳಿಯ ಉಪ್ಪುನೀರು ಕಾಯಿಸಿ ಲೋಟದಲ್ಲಿ ತಂದುಕೊಟ್ಟ. ಮಾವ ಬಚ್ಚಲಲ್ಲಿ ನಿಂತು ಗಂಟಲು ತೊಳೆಯುತ್ತ, ನಡುನಡುವೆ ಉಗುಳಿ, ಒಡೆದ ದನಿಯಲ್ಲಿ ಕತೆ ಮುಂದುವರಿಸುತ್ತಿದ್ದರು. ಅರ್ಧ ಮಾತು ಅರ್ಧ ಗಳಗಳ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಳಿಯನಿಗೆ ನಗು ಬಂತು. ನಕ್ಕ ಬೆನ್ನಿಗೇ ಇದನ್ನು ಅವಳಿಗೆ ಹೇಳಬೇಕಿತ್ತು ಎನಿಸಿ ಕಣ್ಣು ತುಂಬಿತು. ಒದ್ದೆ ಕೈಯಲ್ಲಿ ಒರೆಸಿಕೊಳ್ಳಲು ಹೋಗಿ ಸಾಬೂನು ಕಣ್ಣಿಗೆ ಹೋಯಿತು.

"ಆಮೇಲೇನಾಯ್ತು ಮಾವ?" ಎಂದು ಕೂಗಿ ಕೇಳಿದ.